ಮುದುಕರನ್ನು ‘ಕೂಟ್’ ಅನ್ನೋದು ಯಾಕೆ? ನೀರುಹಕ್ಕಿ ಹೆಸರಿನ ಬೈಗುಳಗಳ ಮೇಲೆ ಒಂದು ಟಿಪ್ಪಣಿ

ಇಂಗ್ಲಿಷ್ ಕಾದಂಬರಿ ಓದುವವರಿಗೆ, ಸಬ್‌ಟೈಟಲ್ ಹಾಕಿಕೊಂಡು ಸಿನಿಮಾ ನೋಡುವವರಿಗೆ ‘ಓಲ್ಡ್ ಕೂಟ್’ ಅನ್ನೋ ಮಾತು ಆಗಾಗ ಎದುರಾಗುತ್ತದೆ. ಡಿಕ್ಷನರಿ ತೆಗೆದರೆ ಎರಡು ಅರ್ಥ. ಒಂದು, ಒಂದು ಜಾತಿಯ ನೀರುಹಕ್ಕಿ. ಇನ್ನೊಂದು, ತಿಕ್ಕಲು ಮನುಷ್ಯ, ಅದರಲ್ಲೂ ವಯಸ್ಸಾದವನು. ಎರಡಕ್ಕೂ ಏನು ನಂಟು ಅಂತ ಡಿಕ್ಷನರಿ ಹೇಳುವುದಿಲ್ಲ. ಆ ನಂಟು ಗೊತ್ತಾದರೆ ಮಾತ್ರ ಪದ ತಲೆಯಲ್ಲಿ ನಿಲ್ಲುತ್ತದೆ. ಅದಕ್ಕೇ ಓದಿದ್ದನ್ನೆಲ್ಲ ಮರೆಯುವ ಮುಂಚೆ ಇಲ್ಲಿ ಬರೆದಿಡುತ್ತಿದ್ದೇನೆ. ಕೊನೆಗೆ ‘ಲೂನ್’ ಅನ್ನೋ ಇನ್ನೊಂದು ಹಕ್ಕಿಯ ವಿಷಯವೂ ಇದೆ. ನಿಜವಾದ ಗಂಟು ಇರುವುದು ಅಲ್ಲೇ. ಆ ಭಾಗವನ್ನು ಮಾತ್ರ ನಿಧಾನವಾಗಿ ಓದಿ.

ಮೊದಲು ಹಕ್ಕಿ

ಕೂಟ್ ನಮಗೆ ಹೊಸದಲ್ಲ. ಕನ್ನಡದಲ್ಲಿ ಅದು ನಾಮದ ಕೋಳಿ. ಬೆಂಗಳೂರಿನ ಹೆಬ್ಬಾಳ, ಜಕ್ಕೂರು ಕೆರೆಗಳಲ್ಲಿ ನೋಡಬಹುದು. ಚಳಿಗಾಲದಲ್ಲಿ ಉತ್ತರದಿಂದ ಬರುವ ಹಕ್ಕಿಗಳೂ ಸೇರಿ ಗುಂಪು ದೊಡ್ಡದಾಗುತ್ತದೆ. ವೈಜ್ಞಾನಿಕ ಹೆಸರು ಫುಲಿಕಾ ಆಟ್ರಾ. ಫುಲಿಕಾ ಅಂದರೆ ಲ್ಯಾಟಿನ್‌ನಲ್ಲಿ ಇದೇ ಹಕ್ಕಿ, ಆಟ್ರಾ ಅಂದರೆ ಕಪ್ಪು. 1758ರಲ್ಲಿ ಲಿನಿಯಸ್ ಇಟ್ಟ ಹೆಸರು. ಅಮೆರಿಕದಲ್ಲಿರುವುದು ಇದರ ಹತ್ತಿರದ ನೆಂಟ, ಫುಲಿಕಾ ಅಮೆರಿಕಾನಾ. ಅಲ್ಲಿನ ಜನ ಅದನ್ನು ಆಡುಮಾತಿನಲ್ಲಿ ‘ಮಡ್ ಹೆನ್’, ಅಂದರೆ ಕೆಸರುಕೋಳಿ ಅಂತಲೂ ಕರೆಯುತ್ತಾರೆ.

ದೂರದಿಂದ ನೋಡಿದರೆ ಬಾತುಕೋಳಿ ಅನ್ನಿಸುತ್ತದೆ. ಆದರೆ ಬಾತಿನ ಕುಲ ಅಲ್ಲ. ಜೌಗಿನಲ್ಲಿ ಓಡಾಡುವ ನೀರುಕೋಳಿಗಳ ಕುಟುಂಬ ಇದರದ್ದು. ಮೈಯೆಲ್ಲ ಮಸಿ ಕಪ್ಪು. ಕಣ್ಣು ಕೆಂಪು. ಕೊಕ್ಕು ಬಿಳಿ. ಆ ಬಿಳಿ ಕೊಕ್ಕಿನಲ್ಲೇ ನಿಲ್ಲದೆ ಹಣೆಯ ಮೇಲಕ್ಕೂ ಹತ್ತುತ್ತದೆ. ಹಣೆ ಮೇಲಿನ ಆ ಭಾಗ ಗರಿಯಲ್ಲ. ಗರಿಯೇ ಇಲ್ಲದ, ನುಣ್ಣಗಿನ, ದಪ್ಪ ಫಲಕ. ನಾಮದ ಕೋಳಿಯ ನಾಮ ಇದೇ.

ಸಾಧ್ಯವಾದರೆ ಇದರ ಕಾಲನ್ನು ಒಮ್ಮೆ ಬೈನಾಕ್ಯುಲರ್‌ನಲ್ಲಿ ನೋಡಿ. ಬಾತಿನ ಬೆರಳುಗಳ ನಡುವೆ ಚರ್ಮ ಇರುತ್ತದೆ ಅಲ್ವಾ, ಇದಕ್ಕೆ ಹಾಗಿಲ್ಲ. ಒಂದೊಂದು ಬೆರಳಿಗೂ ಅದರದೇ ಅಗಲವಾದ ಚರ್ಮದ ಹಾಳೆಗಳು. ಕಾಲನ್ನು ಹಿಂದಕ್ಕೆ ಒತ್ತಿದಾಗ ಹಾಳೆಗಳು ಬಿಚ್ಚಿಕೊಂಡು ನೀರನ್ನು ತಳ್ಳುತ್ತವೆ. ಮುಂದಕ್ಕೆ ಎಳೆದುಕೊಂಡಾಗ ಮಡಚಿಕೊಳ್ಳುತ್ತವೆ. ಹಾಗಾಗಿ ಈಜುವುದಕ್ಕೂ ಸೈ, ಕೆಸರಿನಲ್ಲಿ ನಡೆಯುವುದಕ್ಕೂ ಸೈ. ಆದರೆ ದಡಕ್ಕೆ ಬಂದು ನಡೆಯುವಾಗ ಆ ಕಾಲು ಮೈಗೆ ಹೊಂದದಷ್ಟು ದೊಡ್ಡದಾಗಿ ಕಾಣುತ್ತದೆ.

ಹಾರುವಾಗಲೂ ಹಾಗೇ. ನಿಂತಲ್ಲಿಂದ ರೆಕ್ಕೆ ಬಡಿದು ಸುಮ್ನೆ ಏಳುವುದಿಲ್ಲ. ನೀರಿನ ಮೇಲೆ ಪಟಪಟ ಅಂತ ಓಡುತ್ತದೆ, ಹಿಂದೆ ನೀರು ಚಿಮ್ಮುತ್ತಾ ಹೋಗುತ್ತದೆ, ಬಹಳ ದೂರ ಓಡಿದ ಮೇಲೆ ಒಂದಿಷ್ಟು ಮೇಲಕ್ಕೇಳುತ್ತದೆ. ಎಷ್ಟೋ ಸಲ ಹಾರುವುದೇ ಇಲ್ಲ, ಓಡಿದ್ದಷ್ಟೇ. ಜೊತೆಗೆ ಜಗಳಗಂಟ ಸ್ವಭಾವ. ತನ್ನ ಜಾಗಕ್ಕೆ ಇನ್ನೊಂದು ಬಂದರೆ ತಲೆ ತಗ್ಗಿಸಿ ನುಗ್ಗುತ್ತದೆ. ಎರಡೂ ನೀರಿನಲ್ಲಿ ಹಿಂದಕ್ಕೆ ವಾಲಿ, ಆ ದೊಡ್ಡ ಕಾಲುಗಳಿಂದಲೇ ಒದೆದಾಡುತ್ತವೆ.

ಕಪ್ಪು ಮೈ, ಬಿಳಿ ಬೋಳು ಹಣೆ, ವಿಚಿತ್ರ ನಡಿಗೆ, ಮಾತೆತ್ತಿದರೆ ಜಗಳ. ‘ಓಲ್ಡ್ ಕೂಟ್’ ಅಂದಾಗ ಇಂಗ್ಲಿಷಿನವರ ಕಣ್ಣಿಗೆ ಬರುವ ಮುದುಕನೂ ಹೆಚ್ಚುಕಡಿಮೆ ಹೀಗೇ ಇರುತ್ತಾನೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಆಯಿತು.

ಬೋಳು ಹಣೆಯ ವಿಷಯ (ಇಲ್ಲಿ ಸ್ವಲ್ಪ ನಿಲ್ಲಬೇಕು)

‘ಬಾಲ್ಡ್ ಆಸ್ ಎ ಕೂಟ್’ ಅನ್ನೋ ನುಡಿಗಟ್ಟು ಇಂಗ್ಲಿಷ್‌ನಲ್ಲಿ ಬಹಳ ಹಳೆಯದು. 15ನೇ ಶತಮಾನದ ಬರಹದಲ್ಲೇ ಸಿಗುತ್ತದೆ. ಈಗಿನ ಅರ್ಥ, ತಲೆ ಪೂರ್ತಿ ಬೋಳು. ಇಲ್ಲಿ ತೊಡಕು ಏನೆಂದರೆ, ನಾಮದ ಕೋಳಿಯ ತಲೆ ಬೋಳಲ್ಲ! ತಲೆ, ಕುತ್ತಿಗೆ ತುಂಬ ದಟ್ಟ ಕಪ್ಪು ಗರಿ ಇದೆ. ಹಣೆಯಲ್ಲಿ ಮಾತ್ರ ಬಿಳಿ ಫಲಕ. ಹಾಗಾದರೆ ಬೋಳುತಲೆಗೆ ಇದನ್ನೇ ಯಾಕೆ ಹೋಲಿಸಿದರು?

ಉತ್ತರ ಇರುವುದು ‘ಬಾಲ್ಡ್’ ಪದದಲ್ಲಿ. ಈ ಪದಕ್ಕೆ ಕೂದಲಿಲ್ಲದ ಅನ್ನೋ ಅರ್ಥದ ಜೊತೆಗೆ ಬಿಳಿ ಗುರುತಿರುವ, ಬಿಳಿ ಮುಖದ ಅನ್ನೋ ಅರ್ಥವೂ ಇತ್ತು. ಕೆಲವು ಕಡೆ ಈಗಲೂ ಇದೆ. ಮೂರು ಉದಾಹರಣೆ ನೆನಪಿಟ್ಟುಕೊಳ್ಳಿ.

ಬಾಲ್ಡ್ ಈಗಲ್. ಅಮೆರಿಕದ ರಾಷ್ಟ್ರಪಕ್ಷಿ. ಅದರ ತಲೆ ಬೋಳಲ್ಲ, ತಲೆ ತುಂಬ ಬಿಳಿ ಗರಿ. ಬಾಲ್ಡ್-ಫೇಸ್ಡ್ ಹಾರ್ಸ್. ಮುಖದ ತುಂಬ ಬಿಳಿ ಬಣ್ಣವಿರುವ ಕುದುರೆ, ಕೂದಲು ಉದುರಿದ ಕುದುರೆ ಅಲ್ಲ. ಪೈಬಾಲ್ಡ್. ಕಪ್ಪು ಬಿಳಿ ಮಚ್ಚೆಯ ಪ್ರಾಣಿ.

ಈಗ ಮತ್ತೆ ಕೂಟ್‌ಗೆ ಬನ್ನಿ. ಬಿಳಿ ಹಣೆ ಇದೆ, ಆ ಹಣೆಯಲ್ಲಿ ಗರಿಯೂ ಇಲ್ಲ. ಎರಡು ಅರ್ಥವೂ ಒಂದೇ ಜಾಗದಲ್ಲಿ ಕೂತಿವೆ. ಅದಕ್ಕೇ ಈ ಹೋಲಿಕೆ ಇಷ್ಟು ಶತಮಾನ ಉಳಿಯಿತು. ಬಿಳಿ ಗುರುತು ಅನ್ನೋ ಅರ್ಥ ಜನರ ಬಾಯಿಂದ ಮರೆಯಾದ ಮೇಲೂ ಬೋಳು ಅನ್ನೋ ಅರ್ಥದ ಮೇಲೆ ನುಡಿಗಟ್ಟು ನಡೆಯಿತು. ಬೋಳು ಅಂದ ಮೇಲೆ ಮುದುಕರು ಕಣ್ಣಮುಂದೆ ಬರುವುದು ಸಹಜ. ಕೂಟ್ ಪದ ವಯಸ್ಸಾದವರಿಗೇ ಅಂಟಿಕೊಳ್ಳಲು ಇದೂ ಒಂದು ದಾರಿ ಮಾಡಿಕೊಟ್ಟಿರಬೇಕು ಅಂತ ನನ್ನ ಅನಿಸಿಕೆ.

ನನಗೆ ಈ ಇಡೀ ಓದಿನಲ್ಲಿ ತುಂಬ ಖುಷಿ ಕೊಟ್ಟ ವಿಷಯ ಇನ್ನೊಂದಿದೆ. ಜರ್ಮನ್‌ನಲ್ಲಿ ಈ ಹಕ್ಕಿಗೆ ‘ಬ್ಲೆಸ್‌ಹೂನ್’ ಅನ್ನುತ್ತಾರೆ. ಬ್ಲೆಸ್ಸೆ ಅಂದರೆ ಕುದುರೆ, ದನಗಳ ಹಣೆ ಮೇಲಿನ ಬಿಳಿ ಪಟ್ಟೆ. ಹೂನ್ ಅಂದರೆ ಕೋಳಿ. ಅಂದರೆ ಬಿಳಿಹಣೆ ಕೋಳಿ. ನಾವು ನಾಮದ ಕೋಳಿ ಅಂದಿದ್ದೂ ಅದನ್ನೇ ನೋಡಿ. ಫಿನ್ನಿಷ್‌ನವರು ಮಾತ್ರ ಹಣೆ ಬಿಟ್ಟು ಮೈಬಣ್ಣ ಹಿಡಿದರು. ಅವರಿಗೆ ಇದು ‘ನೋಕಿಕಾನಾ’, ಮಸಿಕೋಳಿ. ಇಂಗ್ಲಿಷ್‌ನ ಕೂಟ್, ಡಚ್‌ನ ‘ಮೇರ್‌ಕೂಟ್’ ಎರಡರಲ್ಲೂ ಇರುವ ‘ಕೂಟ್’ ಒಂದೇ ಬೇರಿನದ್ದು. ಹಿಂದೆ ಇಂಗ್ಲಿಷ್‌ನಲ್ಲಿ ಮುಳುಗು ಹಾಕುವ ಬೇರೆ ಬೇರೆ ನೀರುಹಕ್ಕಿಗಳಿಗೂ ಈ ಹೆಸರು ಬಳಸುತ್ತಿದ್ದರು. ಆಮೇಲೆ ಈ ಕಪ್ಪು ಹಕ್ಕಿಗೇ ನಿಂತಿತು.

ದಡ್ಡ ಅನ್ನೋ ಅರ್ಥ

ಮನುಷ್ಯರಿಗೆ ಕೂಟ್ ಅನ್ನುವ ಬಳಕೆ 18ನೇ ಶತಮಾನದ ಇಂಗ್ಲಿಷ್‌ನಲ್ಲಿ ಕಾಣಿಸುತ್ತದೆ. ಶುರುವಿನಲ್ಲಿ ಅರ್ಥ ದಡ್ಡ, ಪೆದ್ದ ಅಂತ. ಆಮೇಲೆ ವಿಚಿತ್ರ ಸ್ವಭಾವದವನು, ಹಟಮಾರಿ, ಸಿಡುಕ ಅನ್ನೋ ಛಾಯೆಗಳು ಸೇರಿದವು. ‘ಸಿಲ್ಲಿ ಆಸ್ ಎ ಕೂಟ್’, ‘ಕ್ರೇಜಿ ಆಸ್ ಎ ಕೂಟ್’ ಅನ್ನೋ ಮಾತುಗಳೂ ಇವೆ.

ಇದು ಹಕ್ಕಿಗೆ ಮಾಡಿದ ಅನ್ಯಾಯ. ಅಮೆರಿಕದ ಕೂಟ್ ಎಣಿಸಬಲ್ಲದು! ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್‌ನ ಬ್ರೂಸ್ ಲಯನ್ 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನು ಬರೆದರು. ಕೂಟ್‌ಗಳಲ್ಲಿ ಒಂದು ಹೆಣ್ಣು ಇನ್ನೊಂದರ ಗೂಡಿಗೆ ಹೋಗಿ ಗುಟ್ಟಾಗಿ ಮೊಟ್ಟೆ ಇಡುವುದುಂಟು. ಗೂಡಿನ ಒಡತಿ ಮೊಟ್ಟೆಯ ಬಣ್ಣ, ಚುಕ್ಕೆ ನೋಡಿ ಇದು ನನ್ನದಲ್ಲ ಅಂತ ಗುರುತಿಸುತ್ತದೆ. ಹೊರಗಿನದ್ದನ್ನು ಗೂಡಿನ ಅಂಚಿಗೆ ತಳ್ಳುತ್ತದೆ, ಇಲ್ಲವೇ ಹುಲ್ಲಿನಡಿ ಹೂತುಬಿಡುತ್ತದೆ. ಇಷ್ಟೇ ಅಲ್ಲ. ಇನ್ನು ಮೊಟ್ಟೆ ಇಡುವುದು ಸಾಕು ಅಂತ ನಿರ್ಧರಿಸುವಾಗ ತನ್ನ ಮೊಟ್ಟೆಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಾಡಿನ ಪ್ರಾಣಿಯೊಂದು ತನ್ನ ದಿನನಿತ್ಯದ ಬದುಕಿನಲ್ಲಿ ಲೆಕ್ಕ ಬಳಸುವುದಕ್ಕೆ ಇಂಥ ಉದಾಹರಣೆ ಸಿಗುವುದು ಅಪರೂಪ.

ಮರಿಗಳ ವಿಷಯವೂ ಓದಲೇಬೇಕಾದ್ದು. ಕಪ್ಪು ತಂದೆತಾಯಿಗೆ ಹುಟ್ಟುವ ಮರಿಗಳ ಕುತ್ತಿಗೆ ಸುತ್ತ ಕಿತ್ತಳೆ ಬಣ್ಣದ ಕೂದಲಿನಂಥ ಗರಿ, ನೆತ್ತಿ ಕೆಂಪು. ಮರಿಗಳ ನೆತ್ತಿ ಮಾತ್ರ ನಿಜಕ್ಕೂ ಬೋಳು. ಇದೇ ಲಯನ್ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಗೂಡಿನ ಅರ್ಧ ಮರಿಗಳ ಕಿತ್ತಳೆ ತುದಿಗಳನ್ನು ಕತ್ತರಿಸಿ ಕಪ್ಪಾಗಿಸಿದರು. ತಂದೆತಾಯಿ ಕಿತ್ತಳೆ ಮರಿಗಳಿಗೇ ಜಾಸ್ತಿ ತಿನ್ನಿಸಿದವು. ಗೂಡಿನ ಎಲ್ಲ ಮರಿಗಳನ್ನೂ ಕಪ್ಪು ಮಾಡಿದಾಗ ಅವು ಎಲ್ಲವೂ ಕಿತ್ತಳೆಯಾಗಿದ್ದ ಗೂಡಿನ ಮರಿಗಳಷ್ಟೇ ಚೆನ್ನಾಗಿ ಬೆಳೆದವು. ಅಂದರೆ ಕಪ್ಪು ಮರಿ ಬೇಡ ಅಂತಲ್ಲ, ಪಕ್ಕದಲ್ಲಿ ಕಿತ್ತಳೆ ಮರಿ ಇದ್ದರೆ ಅದಕ್ಕೆ ಮೊದಲು. ಇಷ್ಟೆಲ್ಲ ಲೆಕ್ಕಾಚಾರ ಇರುವ ಹಕ್ಕಿಯ ಹೆಸರನ್ನು ಪೆದ್ದರಿಗೆ ಇಟ್ಟರಲ್ಲ ಅಂತ ಬೇಸರವಾಗುತ್ತದೆ.

ಬಾಣ ಯಾವ ಕಡೆಗೆ?

ಇದು ನನ್ನ ಮೆಚ್ಚಿನ ಉಪಾಯ. ಹಕ್ಕಿ ಹೆಸರಿನ ಬೈಗುಳ ಸಿಕ್ಕಿದಾಗಲೆಲ್ಲ ಒಂದೇ ಪ್ರಶ್ನೆ ಕೇಳಿ: ಹೆಸರು ಹಕ್ಕಿಯಿಂದ ಮನುಷ್ಯನಿಗೆ ಹೋಯಿತೋ, ಮನುಷ್ಯನಿಂದ ಹಕ್ಕಿಗೆ ಬಂತೋ? ನೋಟ್‌ಬುಕ್‌ನಲ್ಲಿ ಎರಡು ಪದದ ನಡುವೆ ಒಂದು ಬಾಣ ಹಾಕಿ. ಬಾಣದ ತುದಿ ಯಾವ ಕಡೆ ಅಂತ ಗೊತ್ತಾದರೆ ಅರ್ಥ ತಾನಾಗೇ ನೆನಪಿರುತ್ತದೆ.

ಕೂಟ್‌ನಲ್ಲಿ ಬಾಣ ಹಕ್ಕಿಯಿಂದ ಮನುಷ್ಯನ ಕಡೆಗೆ. ಹಕ್ಕಿಯ ಹೆಸರು ಮೊದಲು, ಬೈಗುಳ ಆಮೇಲೆ. ‘ಗೂಸ್’ ಹಾಗೇ, ಪೆದ್ದುಪೆದ್ದಾಗಿ ಆಡುವವರಿಗೆ. ‘ಗ್ಯಾನೆಟ್’ ಹಾಗೇ. ಅದು ಎತ್ತರದಿಂದ ಸಮುದ್ರಕ್ಕೆ ಧುಮುಕಿ ಮೀನು ಹಿಡಿಯುವ ಹಕ್ಕಿ, ಬ್ರಿಟನ್‌ನಲ್ಲಿ ಹೊಟ್ಟೆಬಾಕರಿಗೆ ಆ ಹೆಸರು. ನಮ್ಮ ‘ಬಕಧ್ಯಾನ’ವನ್ನೂ ಇದೇ ಸಾಲಿಗೆ ಸೇರಿಸಬಹುದು. ಕೆರೆ ಅಂಚಿನಲ್ಲಿ ಕಣ್ಣು ಮಿಟುಕಿಸದೆ ನಿಂತು ಮೀನಿಗೆ ಹೊಂಚು ಹಾಕುವ ಬಕವನ್ನು ನೋಡಿಯೇ ಸೋಗಿನ ಭಕ್ತಿಗೆ ಆ ಮಾತು ಹುಟ್ಟಿದ್ದು.

ಬಾಣ ತಿರುಗಿರುವ ಹೆಸರುಗಳೂ ಇವೆ. ‘ಬೂಬಿ’ ಒಂದು ಕಡಲಹಕ್ಕಿ. ಸ್ಪ್ಯಾನಿಷ್‌ನಲ್ಲಿ ‘ಬೋಬೊ’ ಅಂದರೆ ದಡ್ಡ. ಈ ಹಕ್ಕಿಗಳು ಹೆದರದೆ ಹಡಗಿನ ಮೇಲೆ ಬಂದು ಕೂತು ನಾವಿಕರ ಕೈಗೆ ಸಿಕ್ಕಿಬೀಳುತ್ತಿದ್ದವು. ಅದಕ್ಕೇ ದಡ್ಡ ಅಂತ ಕರೆದರು. ಇಲ್ಲಿ ಬೈಗುಳ ಮೊದಲು, ಹಕ್ಕಿ ಆಮೇಲೆ. ‘ಡಾಟರೆಲ್’ ಕೂಡ ಹಾಗೇ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲೂ ಕಾಣುವ ಸಣ್ಣ ಹಕ್ಕಿ. ಮನುಷ್ಯರಿಗೆ ಹೆದರುವುದಿಲ್ಲ. ಪೆದ್ದಾಗು, ಅರಳುಮರಳಾಗು ಅನ್ನೋ ಅರ್ಥದ ‘ಡೋಟ್’ ಕ್ರಿಯಾಪದದಿಂದ ಆ ಹೆಸರು ಬಂತು. ಮಾರಿಷಸ್‌ನ ‘ಡೋಡೊ’ ಹೆಸರೂ ದಡ್ಡ ಅನ್ನೋ ಅರ್ಥದ ಪೋರ್ಚುಗೀಸ್ ಪದದಿಂದ ಬಂದಿರಬೇಕು ಅನ್ನುವವರು ಜಾಸ್ತಿ. ಮೂರಕ್ಕೂ ಒಂದೇ ಕಾರಣ ಗಮನಿಸಿ. ಮನುಷ್ಯನನ್ನು ಕಂಡು ಓಡಿಹೋಗದ ಹಕ್ಕಿಯನ್ನು ಮನುಷ್ಯ ದಡ್ಡ ಅಂದ.

ಈ ಬಾಣದ ಉಪಾಯ ಎಲ್ಲ ಕಡೆ ನಡೆಯುತ್ತದೆ, ಒಂದು ಕಡೆ ಬಿಟ್ಟು.

ಲೂನ್: ಮೂರು ದಾರ, ಒಂದು ಗಂಟು

‘ಲೂನ್’ ಅಂದರೆ ಹುಚ್ಚ, ತಿಕ್ಕಲ. ‘ಲೂನ್’ ಅಂದರೆ ಉತ್ತರ ಅಮೆರಿಕದ ಸರೋವರಗಳ ಒಂದು ಹಕ್ಕಿ. ‘ಲೂನಿ’ ಅಂದರೆ ಹುಚ್ಚುಹುಚ್ಚಾದ. ‘ಕ್ರೇಜಿ ಆಸ್ ಎ ಲೂನ್’ ಅನ್ನೋ ನುಡಿಗಟ್ಟು ಬೇರೆ ಇದೆ. ಇಷ್ಟನ್ನು ನೋಡಿದರೆ ಯಾರಿಗಾದರೂ ಹಕ್ಕಿಯಿಂದ ಹುಚ್ಚನಿಗೆ ಒಂದು ಬಾಣ ಹಾಕಿ ಮುಗಿಸೋಣ ಅನ್ನಿಸುತ್ತದೆ. ಹಾಗೆ ಹಾಕಬಾರದು. ಇಲ್ಲಿ ಮೂರು ಬೇರೆ ಬೇರೆ ಪದಗಳಿವೆ. ಒಂದೊಂದಾಗಿ ಬಿಡಿಸಿಕೊಳ್ಳೋಣ.

ಮೊದಲ ದಾರ, ಮನುಷ್ಯ. ಹಕ್ಕಿಯ ಹೆಸರು ಕಾಣಿಸಿಕೊಳ್ಳುವ ಮುಂಚೆಯೇ, 15ನೇ ಶತಮಾನದ ಹೊತ್ತಿಗೆ, ಇಂಗ್ಲಿಷ್ ಮತ್ತು ಸ್ಕಾಟ್ಸ್‌ನಲ್ಲಿ ‘ಲೂನ್’ ಅನ್ನೋ ಪದ ಇತ್ತು. ಅರ್ಥ ಪೋಲಿ, ಕೆಲಸಕ್ಕೆ ಬಾರದವನು. ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕದ ಐದನೇ ಅಂಕದಲ್ಲಿ ಹೆದರಿ ಬಿಳಿಚಿಕೊಂಡು ಬಂದ ಸೇವಕನನ್ನು ಮ್ಯಾಕ್‌ಬೆತ್ ‘ಲೂನ್’ ಅಂತ ಬೈಯುತ್ತಾನೆ. ಅಲ್ಲಿ ಹಕ್ಕಿಯೂ ಇಲ್ಲ, ಹುಚ್ಚೂ ಇಲ್ಲ. ಸ್ಕಾಟ್ಲೆಂಡಿನ ಈಶಾನ್ಯ ಭಾಗದ ಆಡುನುಡಿಯಲ್ಲಿ ಈಗಲೂ ‘ಲೂನ್’ ಅಂದರೆ ಹುಡುಗ. ಅಲ್ಲಿ ಅದು ಬೈಗುಳವೇ ಅಲ್ಲ.

ಎರಡನೇ ದಾರ, ಹಕ್ಕಿ. ಇದು ಉತ್ತರದ ನಾರ್ಸ್ ಭಾಷೆಯ ‘ಲೋಮ್ರ್’ನಿಂದ ಬಂತು. ಮೊದಲು ‘ಲೂಮ್’ ಅಂತಿತ್ತು, 17ನೇ ಶತಮಾನದಲ್ಲಿ ‘ಲೂನ್’ ರೂಪ ಸಿಗುತ್ತದೆ. ಬ್ರಿಟನ್‌ನಲ್ಲಿ ಇದೇ ಹಕ್ಕಿಗಳನ್ನು ‘ಡೈವರ್’ ಅನ್ನುತ್ತಾರೆ. ಅಮೆರಿಕದ ‘ಕಾಮನ್ ಲೂನ್’, ಬ್ರಿಟನ್‌ನ ‘ಗ್ರೇಟ್ ನಾರ್ದರ್ನ್ ಡೈವರ್’ ಎರಡೂ ಒಂದೇ ಹಕ್ಕಿ. ಪುಸ್ತಕ ಎಲ್ಲಿಯದ್ದು ಅಂತ ನೋಡಿಕೊಂಡು ಓದಿ, ಇಲ್ಲದಿದ್ದರೆ ಎರಡು ಹಕ್ಕಿ ಅಂದುಕೊಳ್ಳುತ್ತೀರಿ.

ಮೂರನೇ ದಾರ, ಚಂದ್ರ. ಲ್ಯಾಟಿನ್‌ನಲ್ಲಿ ‘ಲೂನಾ’ ಅಂದರೆ ಚಂದ್ರ. ಚಂದ್ರನಿಂದ ಹುಚ್ಚು ಏರುತ್ತದೆ, ಇಳಿಯುತ್ತದೆ ಅನ್ನೋ ಹಳೆಯ ನಂಬಿಕೆಯಿಂದ ‘ಲೂನಟಿಕ್’. ಅಮಾವಾಸ್ಯೆ, ಹುಣ್ಣಿಮೆಗೆ ಹುಚ್ಚು ಜಾಸ್ತಿ ಅನ್ನೋ ಮಾತು ನಮ್ಮ ಕಡೆಯೂ ಇದೆಯಲ್ಲ. ಆ ‘ಲೂನಟಿಕ್’ ಅನ್ನು ಮೊಟಕು ಮಾಡಿ 19ನೇ ಶತಮಾನದಲ್ಲಿ ‘ಲೂನಿ’ ಮಾಡಿದರು. ಇದಕ್ಕೂ ಹಕ್ಕಿಗೂ ಹುಟ್ಟಿನಿಂದ ಸಂಬಂಧ ಇಲ್ಲ.

ಮೂರೂ ಒಂದೇ ಥರ ಕೇಳಿಸುವುದರಿಂದ ಒಂದರ ಅರ್ಥ ಇನ್ನೊಂದಕ್ಕೆ ಹತ್ತಿತು. ಈಗ ಒಬ್ಬರನ್ನು ‘ಲೂನ್’ ಅಂದರೆ ಅದರಲ್ಲಿ ಹಳೆಯ ಪೋಲಿ, ಚಂದ್ರನ ಹುಚ್ಚು, ಸರೋವರದ ಹಕ್ಕಿ ಮೂರೂ ಇವೆ. ಹಾಗಾಗಿ ಇಲ್ಲಿ ಒಂದು ಬಾಣ ಸಾಲದು. ಮೂರು ಕಡೆಯಿಂದ ಮೂರು ಗೆರೆ ಎಳೆದು ಒಂದು ಚುಕ್ಕೆಯಲ್ಲಿ ಸೇರಿಸಿ. ಪುಟದಲ್ಲಿ ಹಾಗೆ ಬರೆದ ಮೇಲೆಯೇ ನನಗೆ ಇದು ತಿಳಿಯಾಯಿತು.

ಹಕ್ಕಿ ಈ ಗಂಟಿಗೆ ಅಷ್ಟು ಸುಲಭವಾಗಿ ಸೇರಿದ್ದಕ್ಕೆ ಅದರ ಕೂಗೇ ಕಾರಣ. ಲೂನ್‌ಗೆ ಮುಖ್ಯವಾಗಿ ನಾಲ್ಕು ಬಗೆಯ ಕೂಗು. ಜೊತೆಗಾರನನ್ನು ಕರೆಯುವ ಉದ್ದನೆಯ ಗೋಳಿನಂಥ ಕೂಗು. ಹತ್ತಿರದಲ್ಲಿದ್ದಾಗ ಮೆಲ್ಲಗಿನ ‘ಹೂಟ್’. ಗಂಡು ಮಾತ್ರ ಹಾಕುವ, ಇದು ನನ್ನ ಜಾಗ ಅಂತ ಸಾರುವ ‘ಯೋಡೆಲ್’. ಇನ್ನೊಂದು ‘ಟ್ರೆಮೊಲೊ’, ನಡುಗುವ ದನಿಯಲ್ಲಿ ಏರಿಳಿಯುತ್ತದೆ. ರಾತ್ರಿ ಹೊತ್ತು ಸರೋವರದ ಮೇಲಿಂದ ಅದು ಕೇಳಿಸಿದರೆ ಯಾರೋ ಹುಚ್ಚುಹಿಡಿದು ನಗುತ್ತಿದ್ದಾರೆ ಅನ್ನಿಸುತ್ತದಂತೆ. ಆದರೆ ಅದು ನಗು ಅಲ್ಲ. ದೋಣಿ ಹತ್ತಿರ ಬಂದಾಗ, ಹದ್ದು ಮೇಲೆ ಸುತ್ತಿದಾಗ ಗಾಬರಿಯಿಂದ ಹಾಕುವ ಕೂಗು.

ನಡಿಗೆಯ ವಿಷಯಕ್ಕೂ ಇದೇ ಗತಿ. ಲೂನ್‌ನ ಕಾಲುಗಳು ಮೈಯ ತೀರಾ ಹಿಂಭಾಗದಲ್ಲಿವೆ. ನೀರಿನಡಿ ಮೀನು ಅಟ್ಟಿಸಿಕೊಂಡು ಹೋಗಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನೆಲದ ಮೇಲೆ ಮಾತ್ರ ನೆಟ್ಟಗೆ ನಿಲ್ಲಲಾಗದೆ ಎದೆ ಊರಿ ತೆವಳಬೇಕು. ಅದಕ್ಕೇ ಹೆಚ್ಚಾಗಿ ಗೂಡಿಗಾಗಿಯೇ ದಡ ಹತ್ತುತ್ತದೆ, ಗೂಡನ್ನೂ ನೀರಿನ ಅಂಚಿನಲ್ಲೇ ಕಟ್ಟುತ್ತದೆ.

ಅಷ್ಟಾದರೂ ಅಲ್ಲಿಯ ಜನಕ್ಕೆ ಈ ಹಕ್ಕಿ ಮೇಲೆ ತುಂಬ ಪ್ರೀತಿ. ಮಿನೆಸೋಟಾ ರಾಜ್ಯ 1961ರಲ್ಲಿ ಇದನ್ನು ರಾಜ್ಯಪಕ್ಷಿ ಮಾಡಿಕೊಂಡಿತು. ಕೆನಡಾ 1987ರಲ್ಲಿ ತಂದ ಒಂದು ಡಾಲರ್ ನಾಣ್ಯದ ಮೇಲೆ ಇದೇ ಹಕ್ಕಿ. ಮೊದಲು ಬೇರೆ ಚಿತ್ರ ಇರಬೇಕಿತ್ತು. ಅದರ ಅಚ್ಚುಗಳು ಒಟ್ಟಾವಾದಿಂದ ವಿನಿಪೆಗ್‌ಗೆ ಸಾಗಿಸುವಾಗ ಕಳೆದುಹೋದವು. ಖೋಟಾ ನಾಣ್ಯ ಬರಬಾರದು ಅಂತ ಚಿತ್ರವನ್ನೇ ಬದಲಿಸಿ ಲೂನ್ ಹಾಕಿದರು. ಜನ ಆ ನಾಣ್ಯವನ್ನು ‘ಲೂನಿ’ ಅಂದರು. 1996ರಲ್ಲಿ ಎರಡು ಡಾಲರ್ ನಾಣ್ಯ ಬಂದಾಗ ಅದು ‘ಟೂನಿ’ ಆಯಿತು. ಕೆನಡಾದಲ್ಲಿರುವ ಕನ್ನಡಿಗರಿಗೆ ಇದೆಲ್ಲ ಚಿಲ್ಲರೆ ಎಣಿಸುವಾಗ ಗೊತ್ತಾಗಿರುತ್ತದೆ. ನಾವು ಮಾತ್ರ ವಾಕ್ಯ ನೋಡಿ ಅರ್ಥ ಮಾಡಬೇಕು. ಜೇಬಿನಲ್ಲಿ ಲೂನಿ ಇದೆ ಅಂದರೆ ದುಡ್ಡು.

ಹೆಸರು ಹತ್ತಿರ, ನಂಟು ಇಲ್ಲ

ನಮ್ಮ ಆಡುಮಾತಿನ ‘ಲೂಸು’ ಇದೆಯಲ್ಲ, ‘ಅವನೊಬ್ಬ ಲೂಸು’ ಅಂತೀವಲ್ಲ, ಅದು ಸಡಿಲ ಅನ್ನೋ ಅರ್ಥದ ‘ಲೂಸ್’ನಿಂದ ಬಂದದ್ದು. ಲೂನ್‌ಗೂ ಅದಕ್ಕೂ ಸಂಬಂಧ ಇಲ್ಲ. ಹಾಗೇ ಅಮೆರಿಕದ ಮಕ್ಕಳು ಆಟದಲ್ಲಿ ಹೇಳುವ ‘ಕೂಟೀಸ್’ಗೂ ಕೂಟ್ ಹಕ್ಕಿಗೂ ಸಂಬಂಧ ಇಲ್ಲ. ಅದರ ಮೂಲ ಮಲಯ್ ಭಾಷೆಯ ‘ಕುಟು’, ಅಂದರೆ ಹೇನು ಅಂತ ಹೇಳುತ್ತಾರೆ. ಮೊದಲ ಮಹಾಯುದ್ಧದ ಸೈನಿಕರ ಬಾಯಿಂದ ಹರಡಿದ ಪದ.

ಬಳಸುವಾಗ

‘ಕೂಟ್’ ಒಂಟಿಯಾಗಿ ಬರುವುದು ಕಡಿಮೆ. ಮುಂದೆ ಒಂದು ವಿಶೇಷಣ ಇರುತ್ತದೆ: ಓಲ್ಡ್, ಸಿಲ್ಲಿ, ಕ್ರೇಜಿ, ಸ್ಟಬರ್ನ್. ಹೆಚ್ಚಾಗಿ ಗಂಡಸರಿಗೇ ಹೇಳುತ್ತಾರೆ. ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದರ ಮೇಲೆ ಅರ್ಥ ನಿಂತಿದೆ. ಐವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಗಂಡನಿಗೆ ‘ಯು ಓಲ್ಡ್ ಕೂಟ್’ ಅಂದರೆ ಅದರಲ್ಲಿ ಪ್ರೀತಿ ಇದೆ. ಅಜ್ಜ ತನಗೇ ಹೇಳಿಕೊಂಡರೂ ಪರವಾಗಿಲ್ಲ. ಪಕ್ಕದ ಮನೆಯ ಹುಡುಗ ಅದೇ ಅಜ್ಜನಿಗೆ ಎದುರಿಗೆ ಹೇಳಿದರೆ ಅವಮಾನ. ಆಸ್ಟ್ರೇಲಿಯಾದ ಬರಹಗಳಲ್ಲಿ ವಯಸ್ಸಿನ ಹಂಗಿಲ್ಲದೆ ಯಾವನೋ ಪೆದ್ದ ಅನ್ನೋ ಅರ್ಥದಲ್ಲೂ ಸಿಗುತ್ತದೆ.

ಕನ್ನಡಕ್ಕೆ ತರುವಾಗ ‘ನಾಮದ ಕೋಳಿ’ ಅಂತ ಬರೆದರೆ ಕೆಲಸ ಕೆಡುತ್ತದೆ. ನಮ್ಮಲ್ಲಿ ಆ ಹೆಸರಿನಿಂದ ಯಾರನ್ನೂ ಬೈಯುವ ರೂಢಿ ಇಲ್ಲ. ಅದಕ್ಕಿಂತ ಹೆಚ್ಚಾಗಿ, ನಾಮ ಅಂದ ಕೂಡಲೇ ನಾಮ ಹಾಕುವುದು, ಮೋಸ ಹೋಗುವುದು ನೆನಪಾಗಿ ಓದುಗರು ಬೇರೆ ದಾರಿ ಹಿಡಿಯುತ್ತಾರೆ. ಬೈಗುಳ ಆದರೆ ‘ತಿಕ್ಕಲು ಮುದುಕ’ ಸರಿಹೋಗುತ್ತದೆ. ಹೆಂಡತಿ ಬಾಯಲ್ಲಿ ಬಂದರೆ ‘ನಿಮಗೆ ಅರಳುಮರಳು ಕಣ್ರೀ’ ಅನ್ನಬಹುದು. ಲೂನ್ ಬಂದರೆ ಮೊದಲು ಪುಸ್ತಕದ ಕಾಲ ಮತ್ತು ಊರು ನೋಡಿ. ಹಳೆಯ ನಾಟಕ ಆದರೆ ‘ಅಯೋಗ್ಯ’, ಸ್ಕಾಟ್ಲೆಂಡಿನ ಈಶಾನ್ಯದ ಕಥೆ ಆದರೆ ‘ಹುಡುಗ’, ಈಗಿನ ಅಮೆರಿಕದ ಮಾತು ಆದರೆ ‘ತಲೆಕೆಟ್ಟವನು’. ಪಕ್ಕದಲ್ಲಿ ಸರೋವರ, ದೋಣಿ, ಮೀನು ಇದ್ದರೆ ಹಕ್ಕಿಯನ್ನು ಹಕ್ಕಿಯಾಗಿಯೇ ಬಿಡಿ.